ತಲೆಬಾಗಿಲ ಮೇಲಿನ ಗೀಟು

ಮಿಶ್ರಿಕೋಟಿ,
ದಿ. ೨೧-೧೦-೨೦೨೪, ಸೋಮವಾರ

ಪ್ರೀತಿಯ ತಮ್ಮ ಸಿದ್ಧಾರೂಢನಿಗೆ,

ಅಣ್ಣ ಮೈಲಾರಪ್ಪನ ಆಶೀರ್ವಾದಗಳು. ಮೈಯಲ್ಲಿ ಹುಷಾರಾಗಿದ್ದೀಯಾ? ನೀನು ಕೆಲಸ ಮಾಡುವ ಕಛ್ ಕಡೆಯ ಬಿಸಿಲು ಈಗಲಾದರೂ ಇಳಿದಿರಬೇಕು. ಹೋದ ತಿಂಗಳು ನೀನು ಬನಿಯನ್ ಮೇಲೆ ನಿಂತು ಕಳಿಸಿದ ಫೋಟೋದಲ್ಲಿ ಪಕ್ಕೆಲುಬು ಎಣಿಸಲು ಬರುವಂತಿದ್ದವು. ಎಡಗಡೆ ನಾಲ್ಕು ಎಣಿಸಿದ್ದೆ, ಅಷ್ಟರಲ್ಲಿ ನಿನ್ನ ವೈನಿ ಸುನೀತಾ ಫೋನು ಕಸಿದುಕೊಂಡು ತಾನು ಅಳಲು ಶುರುಮಾಡಿದಳು. ಅಲ್ಲಿಯ ಮೆಸ್ಸಿನವನು ಗೋಧಿ ಚಪಾತಿ ಬಿಟ್ಟು ಬೇರೆ ಕೊಡುವುದಿಲ್ಲ ಅಂದಿದ್ದಿ. ಜೋಳದ ಹಿಟ್ಟು ಕಳಿಸಬೇಕೆಂದರೆ ಅಷ್ಟು ದೂರ ಹೋಗುವುದರೊಳಗೆ ಹುಳ ಹಿಡಿಯುತ್ತದೆ, ಖಡಕ್ ರೊಟ್ಟಿ ಕಳಿಸಿದರೆ ಪುಡಿಯಾಗುತ್ತದೆ. ಪುಡಿಯಾದರೂ ಅದು ನಮ್ಮ ರೊಟ್ಟಿಯ ಪುಡಿ ಎಂದು ಸುನೀತಾ ಒಂದು ಡಬ್ಬಿ ಕಟ್ಟಿಟ್ಟಿದ್ದಾಳೆ. ಇಲ್ಲಿ ಎಲ್ಲರ ಆರೋಗ್ಯ ನೆಟ್ಟಗಿದೆ. ನಿನ್ನ ಮಗಳು ಪುಟ್ಟಿಗೆ ಮುಂದಿನ ಹಲ್ಲು ಬಿದ್ದು ಮಾತೆಲ್ಲ ಗಾಳಿಯಲ್ಲಿ ಹೋಗುತ್ತಿದೆ. ನನ್ನ ಮೊಣಕಾಲು ಮಾತ್ರ ಮೋಡ ಬಂದ ದಿನ ಹವಾಮಾನ ಇಲಾಖೆಗಿಂತ ಮೊದಲು ಸುದ್ದಿ ಹೇಳುತ್ತದೆ.

ಫೋನಿರುವಾಗ ಕಾಗದ ಯಾಕೆ ಎಂದು ನೀನು ಹುಬ್ಬು ಏರಿಸಿರುತ್ತಿ. ನಿನ್ನ ಫೋನು ಯಾವಾಗಲೂ ಸ್ಪೀಕರಿನ ಮೇಲಿರುತ್ತದೆ, ನಾನು ಮಾತಾಡಿದರೆ ನಿನ್ನ ಕೋಣೆಯ ಆರು ಮಂದಿ ನಕ್ಕದ್ದು ನನಗೆ ಕೇಳುತ್ತದೆ. ಇನ್ನೊಂದು, ಫೋನಿನಲ್ಲಿ ನೀನು ಹ್ಞೂಂ ಅನ್ನುವುದರಲ್ಲಿ ಯಾವ ಹ್ಞೂಂ ಒಪ್ಪಿಗೆಯದು, ಯಾವುದು ನಿದ್ದೆಯದು ಎಂದು ನನಗೆ ತಿಳಿಯುವುದಿಲ್ಲ. ಹೀಗಾಗಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿದ್ದದ್ದನ್ನೂ ನಡುನಡುವೆ ಬರೆದಿದ್ದರೆ ಸಿಟ್ಟಾಗಬೇಡ. ಮೊದಲಿನ ಸಾಲಿನಿಂದ ಹಿಡಿಯದಿದ್ದರೆ ನನಗೆ ಕೊನೆಯ ಸಾಲು ಕೂಡುವುದಿಲ್ಲ, ಅದು ನನ್ನ ಹುಟ್ಟುಗುಣ.

ಸುದ್ದಿ ಇಷ್ಟು: ಮನೆಗೆ ಹೊರಗಿನ ಬಣ್ಣ ಬಳಿಸುತ್ತಿದ್ದೇನೆ. ಈ ಸಲ ಕಲಘಟಗಿ ಕಡೆ ಮಳೆ ಬಿಡದೆ ಹೊಡೆದು ಗೋಡೆಯೆಲ್ಲ ಹಸಿರು ಪಾಚಿ ಹಿಡಿದಿತ್ತು, ಕೆಳಗಿನ ಎರಡು ಮೊಳ ಗಿಲಾಯಿ ಹಪ್ಪಳದಂತೆ ಎದ್ದಿತ್ತು. ದೀಪಾವಳಿಯೊಳಗೆ ಮುಗಿಸಿಬಿಡೋಣ ಎಂದು ಮಶಾಕಸಾಬನಿಗೆ ಹೇಳಿದೆ. ಅಪ್ಪನ ಕಾಲದಿಂದ ನಮ್ಮ ಗೋಡೆಗೆ ಅವನ ಮನೆಯವರ ಕೈಯೇ. ಈಗ ಅವನ ಮಗ ಹಾರೂನನೂ ಜೊತೆಗಿದ್ದಾನೆ. ದಸರೆಗೆ ಮೊದಲೇ ತಂತಿಬ್ರಶ್ಶಿನಿಂದ ಪಾಚಿ ಕೆರೆದು, ಒಡಕಿಗೆ ಲಪ್ಪ ತುಂಬಿ, ಒಂದು ಕೈ ಪ್ರೈಮರ್ ಬಳಿದು ಒಣಗಲು ಬಿಟ್ಟರು. ನೀನು ಹೊದಿಸಿದ ಸೋಲಾರ್ ಹಂಚಿಗೆ ಒಂದು ಹನಿ ಸಿಡಿಯಬಾರದೆಂದು ಮಶಾಕಸಾಬ ಸೂರಿನುದ್ದಕ್ಕೂ ತನ್ನ ಹೆಂಡತಿಯ ಹಳೇ ಸೀರೆಗಳನ್ನು ಕಟ್ಟಿದ್ದ, ನಿಚ್ಚಣಿಕೆಯ ತುದಿಗೆ ಗೋಣಿತಟ್ಟು ಸುತ್ತಿದ್ದ. ಆ ಇನ್ನೂರಾ ನಲವತ್ತು ಕರೀ ಗಾಜಿನ ಹಂಚುಗಳನ್ನು ಎರಡು ವರ್ಷದಿಂದ ನಾನು ಹೇಗೆ ನೋಡಿಕೊಂಡಿದ್ದೇನೆಂದು ಊರಿಗೆ ಗೊತ್ತು. ಹದಿನೈದು ದಿನಕ್ಕೊಮ್ಮೆ, ಸೋಯಾ ಒಕ್ಕುವ ಸುಗ್ಗಿಯಲ್ಲಿ ವಾರಕ್ಕೊಮ್ಮೆ, ಬಿಸಿಲೇರುವ ಮೊದಲು, ಸಾಬೂನು ಹಾಕದೆ, ಬರೀ ನೀರು ಮತ್ತು ಉದ್ದ ಕೋಲಿನ ಅರಿವೆ. ನೀನು ಹೇಳಿಹೋದದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಸಂಜೆ ಮೀಟರು ನೋಡಿ ಆ ದಿನದ ಯುನಿಟ್ಟನ್ನು ಕ್ಯಾಲೆಂಡರಿನ ಅಂಚಿಗೆ ಬರೆಯುವುದೂ ತಪ್ಪಿಲ್ಲ. ಕೆಲವರು ಜಪ ಮಾಡುತ್ತಾರೆ, ನಾನು ಇದನ್ನು ಮಾಡುತ್ತೇನೆ.

ತಕರಾರು ಹುಟ್ಟಿದ್ದು ಆ ಅಂಚಿನಲ್ಲೇ. ಮಳೆ ಹಿಂದಾಗಿ ಬಿಸಿಲು ಬಿದ್ದ ಮೇಲೆ ಹದಿನೆಂಟು ಯುನಿಟ್ ಬರಬೇಕಾದಲ್ಲಿ ಹದಿಮೂರು ಬರತೊಡಗಿತು. ಬೆಳಿಗ್ಗೆ ನೆಟ್ಟಗೆ ಏರುವುದು, ನಡು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಎತ್ತು ಕೆಸರಲ್ಲಿ ನಿಂತಂತೆ ನಿಲ್ಲುವುದು. ಅದು ಸರಿಯಾಗಿ, ಇದೇ ಕರೆಂಟಿನ ಮೇಲೆ ಓಡುವ ನನ್ನ ಹಿಟ್ಟಿನ ಗಿರಣಿಗೆ ಹೆಣ್ಣುಮಕ್ಕಳು ಕಾಳು ತರುವ ಹೊತ್ತು. ನನಗೆ ಮೊದಲ ಸಂಶಯ ಬಾಜು ಚಹಾದಂಗಡಿಯ ಹುಚ್ಚಪ್ಪನ ಮೇಲೆ ಬಂತು. ಹೊಸ ಫ್ರಿಜ್ ತಂದಿದ್ದ, ಮುಖದಲ್ಲಿ ಮಾತ್ರ ಕರೆಂಟು ಬಿಲ್ಲಿನ ಚಿಂತೆ ಇರಲಿಲ್ಲ. ಕುತ್ತಿಗೆ ಎತ್ತಿ ಅವನ ವೈರು ಹಿಡಿದು ನಡೆದೆ. ಅದು ನಮ್ಮ ಮಾಡಿಗೆ ಬರದೆ ನೆಟ್ಟಗೆ ಬೀದಿಯ ಕಂಬಕ್ಕೇ ಹೋಯಿತು. ಅವನು ಅಂಗಡಿಯಲ್ಲಿ ಕೂತು ನಾನು ನಡೆದದ್ದನ್ನೆಲ್ಲ ನೋಡಿ, ಒಂದು ಚಹಾ ಕೊಟ್ಟ. ಸಂಶಯ ಹಾಗೇ ಉಳಿಯಿತು, ಕೂಡ್ರಲು ಬೇರೆ ಜಾಗ ಹುಡುಕತೊಡಗಿತು.

ಅಷ್ಟರಲ್ಲಿ ಕಲಘಟಗಿ ಬಸ್ಸಿನ ಕಂಡಕ್ಟರ್ ಒಂದು ಮಾತು ಆಡಿದ. ಹುಬ್ಬಳ್ಳಿಯಿಂದ ಬಣ್ಣದ ಎರಡು ದೊಡ್ಡ ಬಕೀಟು ನಿಮ್ಮ ಮನೆಗೆ ಇಳಿಸಿದೆನಲ್ಲ, ಮುಟ್ಟಿದವೇ ಎಂದು. ಹುಬ್ಬಳ್ಳಿಯಿಂದ ನಾನು ಬಣ್ಣ ತರಿಸಿಲ್ಲ. ನನ್ನ ಕೆನೆಬಣ್ಣ ಕಲಘಟಗಿಯಲ್ಲೇ ಕಲಸಿಸಿ ತಂದು ಪಡಸಾಲೆಯಲ್ಲಿ ಇಟ್ಟಿದ್ದೆ. ಚೀಟಿಯ ಮೇಲೆ ಹೆಸರು ಯಾರದು ಎಂದೆ. ಸುಧಾರಾಣಿ ಎಂದ. ನಿನ್ನ ಹೆಂಡತಿ ಆ ಬಕೀಟುಗಳನ್ನು ನಿಮ್ಮ ಕೋಣೆಯ ಮಂಚದ ಕೆಳಗೆ ಸರಿಸಿಟ್ಟಿದ್ದಳು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಎರಡು ದಿನ ಬಿಟ್ಟು ಮಶಾಕಸಾಬ ತಂಬಾಕು ತಿಕ್ಕುತ್ತ, ತೀರ ಸಹಜವೆಂಬಂತೆ ಅಂದ: “ಮೈಲಾರಣ್ಣಾ, ದಕ್ಷಿಣದ ಗ್ವಾಡಿ ಅಷ್ಟಕ್ಕ ಎಷ್ಟ ದಿನ ಹಿಡೀತೈತಿ ಅಂತ ಸಣ್ಣವ್ವಾರು ಕೇಳಿದ್ರು. ಅಷ್ಟಕ್ಕ ಅಂತ ಯಾಕ ಕೇಳ್ಯಾರು?” ಅವನ ಸಣ್ಣವ್ವ ಅಂದರೆ ಸುಧಾರಾಣಿ; ಅದಾದ ಮೇಲೆ ನಾನು ಅವಳ ಮೇಲೆ ಕಣ್ಣಿಟ್ಟೆ. ದಿನಾ ಮಧ್ಯಾಹ್ನ, ನಾನು ಗಿರಣಿಯಲ್ಲಿ ಹಿಟ್ಟು ಮೆತ್ತಿಕೊಂಡಿರುವ ಹೊತ್ತಿಗೆ, ಅವಳು ಮೀಟರಿನ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದಳು.

ಒಂದೊಂದೇ ನೋಡಿದರೆ ಏನೂ ಅಲ್ಲ. ಮೂರನ್ನೂ ಒಂದರ ಕೆಳಗೊಂದು ಬರೆದು ಗೀಟು ಎಳೆದೆ, ಕೆಳಗೆ ಬಂದ ಮೊತ್ತ ಮನೆಯ ಪಾಲು. ನಮ್ಮ ಮನೆಯ ಮಾಡಿನ ನಡುನೆತ್ತಿ ಬೀದಿಯಿಂದ ಹಿತ್ತಲಿಗೆ ಹೋಗುತ್ತದೆ. ದಕ್ಷಿಣದ ಇಳಿಜಾರು ನಿಮ್ಮ ಕೋಣೆಗಳ ಮೇಲೆ, ಉತ್ತರದ್ದು ನಮ್ಮ ಅಡಿಗೆಮನೆ ಮತ್ತು ಗಿರಣಿಯ ಮೇಲೆ. ಸೋಲಾರ್ ಹಂಚೆಲ್ಲ ದಕ್ಷಿಣಕ್ಕೆ, ಉತ್ತರಕ್ಕೆ ಅಜ್ಜನ ಕಾಲದ ಮಂಗಳೂರು ಹಂಚು. ನಡುನೆತ್ತಿಯಿಂದ ಮನೆ ಎರಡಾದರೆ ಬಿಸಿಲೆಲ್ಲ ನಿನ್ನ ಕಡೆ, ಬೀಸುವ ಕಲ್ಲು ನನ್ನ ಕಡೆ. ಸೈಕಲ್ಲಿಗೆ ಹಿಟ್ಟಿನ ಡಬ್ಬಿ ಕಟ್ಟಿಕೊಂಡು ಶುರುಮಾಡಿ ಗಿರಣಿ ಮಾಡಿದವನು ನಾನು, ಯಾವುದು ಯಾವುದರ ಮೇಲೆ ನಿಂತಿದೆ ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ತಮ್ಮ ಮನಸ್ಸಿನಲ್ಲಿ ಬೇರೆಯಾಗಿದ್ದಾನೆ, ಹೇಳಲು ಬಾಯಿಲ್ಲದೆ ಬಣ್ಣ ಕಳಿಸಿದ್ದಾನೆ, ಹೆಂಡತಿಯಿಂದ ಕರೆಂಟು ಅಳೆಸುತ್ತಿದ್ದಾನೆ. ಹೀಗೆ ತಿಳಿದೆ, ಆರೂಢ. ಮುಚ್ಚಿಟ್ಟು ಉಪಯೋಗವಿಲ್ಲ.

ಕೇಳಬಹುದಿತ್ತು. ಬಾಗಿಲಿನಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಕೇಳಿದರೆ ಸಿಕ್ಕಿಬಿದ್ದವರು ಎಚ್ಚರಾಗುತ್ತಾರೆ ಎನ್ನುವುದು ನನ್ನ ಬುದ್ಧಿವಂತಿಕೆ. ಸುನೀತಾಳನ್ನು ಕಳಿಸಿದೆ, ಕಾಳು ಹಸನು ಮಾಡುವ ನೆಪದಲ್ಲಿ ಮಾತು ತೆಗೆದು ಬಾ ಎಂದು. ಅವಳು ಒಂದು ತಾಸು ಕೂತು ಬಂದಳು, ಕೈಯಲ್ಲಿ ಒಂದು ಬಟ್ಟಲು ಅಗಸಿ ಚಟ್ನಿ, ಸುದ್ದಿ ಮಾತ್ರ ಒಂದು ಕಾಳೂ ಇಲ್ಲ. ಮಾತು ತೆಗೀ ಎಂದರೆ ಚಟ್ನಿ ತಂದಿಯಲ್ಲ ಎಂದದ್ದಕ್ಕೆ, “ಆಕಿ ಮನಸಿನ್ಯಾಗ ಏನಿಲ್ಲರಿ, ಇದ್ರ ಚಟ್ನಿ ಇಷ್ಟ ಚೊಲೋ ಆಗತಿದ್ದಿಲ್ಲ” ಅಂದಳು. ಇಂಥ ಸಾಕ್ಷಿ ಯಾವ ಕೋರ್ಟಿನಲ್ಲಿ ನಡೆಯುತ್ತದೆ ಹೇಳು.

ಕಡೆಗೆ ನಾನೇ ಬಲೆ ಹೆಣೆದೆ. ದಸರೆ ಮುಗಿದ ಮೇಲೆ ಮಶಾಕಸಾಬನಿಗೆ ಅಂದೆ: ಉತ್ತರದ ಗೋಡೆ ಪೂರ್ತಿ ಕೆನೆಬಣ್ಣ ಹೊಡಿ, ಮುಂದಿನ ಗೋಡೆಯನ್ನು ನಡುನೆತ್ತಿಯವರೆಗೆ ಹೊಡಿ, ಆಚೆಗಿನ ಅರ್ಧಕ್ಕೆ ಕೈ ಹಚ್ಚಬೇಡ. ನೋಡೋಣ, ಬೇರೆಯಾಗುವ ಮನಸ್ಸಿಲ್ಲದಿದ್ದರೆ ನಮ್ಮ ಕಡೆ ಯಾಕೆ ಬಿಟ್ಟಿರಿ ಎಂದು ತಾನೇ ಬಂದು ಕೇಳುತ್ತಾಳೆ. ಮಶಾಕಸಾಬ ಬ್ರಶ್ಶು ನೀರಿನಲ್ಲಿ ಇಳಿಬಿಟ್ಟ. ಆಮೇಲೆ ಅಂದ: “ಐವತ್ತ ವರ್ಷದಾಗ ನಡುವ ಗೀಟ ಹೊಡದು ಬಳೀ ಅಂದವರನ್ನ ನಾ ಭಾಳ ನೋಡೇನಿ. ಮತ್ತ ಬಂದು ಅಳಸು ಅಂದವರನ್ನ ಒಬ್ಬರನ್ನೂ ನೋಡಿಲ್ಲ.” ನಾನು ನಕ್ಕು ಹಾರಿಸಿದೆ. ಅವನು ಮಾಡಿನ ತುದಿಯಿಂದ ತೂಕದ ಗುಂಡು ಇಳಿಬಿಟ್ಟು, ನೀಲಿಯಲ್ಲಿ ಅದ್ದಿದ ದಾರ ಬಿಗಿಹಿಡಿದು ಒಮ್ಮೆ ಮಿಡಿದ. ತಲೆಬಾಗಿಲ ನೆತ್ತಿಯ ಮೇಲೆ ನೆಟ್ಟಗೆ ಒಂದು ಗೀಟು ಬಿತ್ತು. ಗುರುವಾರ ಸಂಜೆಯ ಹೊತ್ತಿಗೆ ನಮ್ಮ ಅರ್ಧ ಎರಡು ಕೈ ಬಳಿದುಕೊಂಡು ಹಬ್ಬಕ್ಕೆ ತಯಾರಾಗಿ ನಿಂತಿತ್ತು. ನಿಮ್ಮ ಅರ್ಧ ಪ್ರೈಮರಿನಲ್ಲಿ, ಮುಖ ತೊಳೆದು ಕುಂಕುಮ ಇಟ್ಟುಕೊಳ್ಳದವರಂತೆ.

ಸುಧಾರಾಣಿ ಬಂದು ಕೇಳಲಿಲ್ಲ. ಶುಕ್ರವಾರ ನಾನು ಗಿರಣಿಯ ಜರಡಿ ತರಲು ಕಲಘಟಗಿಗೆ ಹೋಗಿದ್ದೆ, ಮಶಾಕಸಾಬ ಮಸೀದಿಗೆ ಹೋಗಿ ಅಲ್ಲಿಂದ ಬೀಗರ ಮನೆಗೆ ಹೋಗಿದ್ದ. ಸಂಜೆ ಬಸ್ಸಿಳಿದು ನೋಡುತ್ತೇನೆ, ದಕ್ಷಿಣದ ಗೋಡೆ ಪೂರ್ತಿ ಮತ್ತು ಮುಂದಿನ ಗೋಡೆಯ ಬಿಟ್ಟ ಅರ್ಧ ಹಾಲಿನಂತೆ ಬಿಳಿ. ಕೆನೆಯೂ ಬಿಳಿಯೂ ತಲೆಬಾಗಿಲ ಮೇಲೆ ಆ ನೀಲಿ ಗೀಟಿಗೆ ಬಂದು, ಒಂದಕ್ಕೊಂದು ಮುಟ್ಟಿ, ಒಂದರೊಳಗೊಂದು ಬೆರೆಯದೆ ನಿಂತಿದ್ದವು. ಹಾರೂನ ಕೈ ತೊಳೆಯುತ್ತಿದ್ದ. ಸಣ್ಣವ್ವಾರು ಹೇಳಿದರು, ಹೊಡೆದೆ, ಅಂದ. ಅವನಿಗೆ ಬಯ್ಯಲು ನನ್ನ ಹತ್ತಿರ ಏನೂ ಇರಲಿಲ್ಲ. ಗೀಟು ಹೊಡೆಸಿದವನು ನಾನೇ.

ನಮ್ಮ ಕಡೆ ಒಂದು ಗೋಡೆಗೆ ಎರಡು ಬಣ್ಣ ಬಂದರೆ ಯಾರೂ ಒಳಗೆ ಬಂದು ಕೇಳುವುದಿಲ್ಲ, ಬೀದಿಯಲ್ಲೇ ಓದಿಕೊಂಡು ಹೋಗುತ್ತಾರೆ. ಶನಿವಾರ ಬೆಳಿಗ್ಗೆ ಹುಚ್ಚಪ್ಪ ಅಂಗಡಿಯಿಂದಲೇ ಕೂಗಿದ: “ಏನೋ ಮೈಲಾರಿ, ಮನಿ ಪಾಲ ಮಾಡೀರಿ, ಬಾಜೂಕಿನವಗ ಒಂದ ಮಾತ ಹೇಳಬಾರದೇನು? ವೈರ್ ಅಷ್ಟ ನೋಡಾಕ ಬರ್ತಿ.” ಅದನ್ನು ನುಂಗಿದೆ, ಅವನಿಗೆ ಆ ಮಾತಿನ ಹಕ್ಕಿತ್ತು. ನುಂಗಲಾರದ್ದು ನಿನ್ನೆ ಬಂತು. ಗುಡಗೇರಿಯ ಸೋದರಮಾವನ ಮಗ ಸಂಗನಬಸವ ತನ್ನ ಮಗಳ ಲಗ್ನಪತ್ರ ಕೊಡಲು ಬಂದಿದ್ದ. ಗಾಡಿ ನಿಲ್ಲಿಸಿ, ಕೈಯಲ್ಲಿ ಒಂದು ಕಾರ್ಡು ಹಿಡಿದು ಮೆಟ್ಟಿಲವರೆಗೆ ಬಂದವನು ತಲೆ ಎತ್ತಿ ಗೋಡೆ ನೋಡಿದ. ತಿರುಗಿ ಹೋಗಿ ಡಿಕ್ಕಿಯೊಳಗಿನಿಂದ ಇನ್ನೊಂದು ಕಾರ್ಡು ತೆಗೆದು, ಸೀಟಿನ ಮೇಲೆ ಇಟ್ಟುಕೊಂಡು, ಪೆನ್ನಿನಿಂದ ನಿನ್ನ ಹೆಸರು ಬರೆದ. ಒಂದು ನನಗೆ ಕೊಟ್ಟ, ಒಂದು ಸುಧಾರಾಣಿಗೆ. ಎರಡಕ್ಕೂ ಬೇರೆ ಬೇರೆ ಅಕ್ಷತೆ ಇಟ್ಟ. ಅಪ್ಪ ತೀರಿದ ಮೇಲೂ, ನಿನ್ನ ಮದುವೆಯಾದ ಮೇಲೂ, ನಮ್ಮ ಮನೆಗೆ ಯಾರ ಕಾರ್ಡು ಬಂದರೂ ಒಂದೇ ಬರುತ್ತಿತ್ತು. ನಾನು ಬಹಳ ಎಣಿಸಿದವನು. ಎರಡು ಎಂಬ ಎಣಿಕೆ ಅಷ್ಟು ದೊಡ್ಡದೆಂದು ನಿನ್ನೆ ತಿಳಿಯಿತು.

ಅವನು ಹೋದ ಮೇಲೆ ಸುಧಾರಾಣಿ ಪಡಸಾಲೆಗೆ ಬಂದಳು. ಬಾಗಿಲ ಮರೆಯಲ್ಲಿ ನಿಂತು ಮಾತಾಡುವವಳು ನಿನ್ನೆ ನನ್ನೆದುರಿಗೇ ನಿಂತಳು. ತನ್ನ ಕಾರ್ಡನ್ನು ನನ್ನ ಕಾರ್ಡಿನ ಮೇಲೆ ಇಟ್ಟಳು. “ಭಾವಾರ, ಅರ್ಧಾ ಬಿಟ್ಟವರು ನೀವು. ಬಿಟ್ಟದ್ದನ್ನ ನಾ ಬಳಿಸಿದೆ. ಹಬ್ಬಕ್ಕ ಬೋಳ ಗ್ವಾಡಿ ನೋಡಕೋತ ಕೂಡ್ರಲೇನು? ಆ ಬಿಳಿ ಬಣ್ಣ ನಿಮ್ಮ ಗಿರಣಿ ಸಂಬಂಧ ತರಿಸಿದ್ದು. ಬಿಸಲಿಗೆ ದಕ್ಷಿಣದ ಗ್ವಾಡಿ ಕಾಯತೈತಿ, ಒಳಗ ಅದರ ಮ್ಯಾಲಿನ ಇನ್ವರ್ಟರ್ ಪೆಟಗಿ ಕಾಯತೈತಿ, ಅದಕ್ಕ ಮಧ್ಯಾಹ್ನ ಕರೆಂಟ್ ಕಡಿಮಿ ಆಗತೈತಿ ಅಂತ ಇವರು ಫೋಟೋ ನೋಡಿ ಹೇಳಿದ್ರು. ಅದೊಂದ ಗ್ವಾಡಿಗೆ ಅಂತನ ತಂದಿದ್ದೆ. ನೀವು ಕೇಳಿದ್ರ ಹೇಳತಿದ್ದೆ.” ಇಷ್ಟು ಹೇಳಿ, ದನಿ ಏರಿಸದೆ, ಒಳಗೆ ಹೋಗಿ ಪುಟ್ಟಿಗೆ ಜಡೆ ಹಾಕಲು ಕೂತಳು.

ನಾನು ಹಾಗೆಲ್ಲ ಮಾತಿನ ಮೇಲೆ ನಂಬುವವನಲ್ಲ ಎಂದು ನಿನಗೆ ಗೊತ್ತು. ಖಾಲಿ ಬಕೀಟನ್ನು ಹಾರೂನನಿಂದ ಓದಿಸಿದೆ. ಬಿಸಿಲು ಹಿಂದಕ್ಕೆ ತಳ್ಳುವ ಬಣ್ಣ ಎಂದೇ ಬರೆದಿತ್ತು. ಕೋಣೆಗೆ ಹೋಗಿ ಗೋಡೆಯ ಮೇಲಿನ ಇನ್ವರ್ಟರ್ ಪೆಟ್ಟಿಗೆಗೆ ಅಂಗೈ ಹಚ್ಚಿದೆ. ಮೊದಲು ಅದು ರೊಟ್ಟಿಯ ಹಂಚಿನಂತೆ ಸುಡುತ್ತಿತ್ತೆಂದು ಸುನೀತಾ ಅಂದಳು, ಈಗ ಕೈ ಇಡಬಹುದಿತ್ತು. ಕಡೆಗೆ ಕ್ಯಾಲೆಂಡರಿನ ಅಂಚು ನೋಡಿದೆ. ಗುರುವಾರ ಹದಿಮೂರು. ಶನಿವಾರ ಹದಿನೇಳು. ರವಿವಾರ ಹದಿನೆಂಟು. ನನ್ನ ಕೈಬರಹವೇ ನನ್ನ ವಿರುದ್ಧ ಸಾಕ್ಷಿ ನಿಂತರೆ ಏನು ಮಾಡಬೇಕು? ಶ್ರಾವಣದಲ್ಲಿ ರಜೆಗೆ ಬಂದಾಗ ಆ ಪೆಟ್ಟಿಗೆಯನ್ನು ಬೇರೆ ಗೋಡೆಗೆ ಸರಿಸೋಣ ಎಂದು ನೀನು ಅಂದಿದ್ದು, ಮೀಟರು ನನ್ನ ಹೆಸರಿನಲ್ಲಿದೆ, ನನಗೆ ಕಲಿಸಬೇಡ ಎಂದು ಹತ್ತು ಮಂದಿಯ ಮುಂದೆ ನಾನು ಅಂದದ್ದು, ಎರಡೂ ಆಗ ನೆನಪಾದವು. ಅದಕ್ಕೇ ನೀನು ನನಗೆ ಹೇಳದೆ ಹೆಂಡತಿಗೆ ಹೇಳಿದ್ದಿ. ನನ್ನ ಬಾಯಿಗೆ ಅಂಜಿ ನನ್ನ ಗಿರಣಿಗೆ ಉಪಕಾರ ಮಾಡುವುದನ್ನು ಕದ್ದು ಮಾಡಬೇಕಾಯಿತು.

ಈಗ ಪರಿಸ್ಥಿತಿ ಹೀಗಿದೆ. ದಕ್ಷಿಣದ ಗೋಡೆ ಬಿಳಿಯಾಗಿಯೇ ಇರಲಿ, ಅದು ಕೆಲಸದ ಬಣ್ಣ. ಬೀದಿಗೆ ಕಾಣುವ ಮುಂದಿನ ಗೋಡೆ ಒಂದೇ ಆಗಬೇಕು. ಯಾವ ಬಣ್ಣ ಎಂದು ಮಶಾಕಸಾಬ ಇವತ್ತು ಬೆಳಿಗ್ಗೆಯಿಂದ ಮೂರು ಸಲ ಕೇಳಿದ. ಕೆನೆ ಎಂದು ನಾನು ಅನ್ನಲಾರೆ, ಬಿಳಿ ಎಂದು ಅವಳು ಅನ್ನುತ್ತಿಲ್ಲ. “ನೀವು ಹಿರ್ಯಾರು, ನೀವ ಹೇಳ್ರಿ” ಅಂದಳು. ಸುಳ್ಳು ಹೇಳುವುದಿಲ್ಲ, ಆ ಮಾತಿನೊಳಗೂ ಏನಾದರೂ ಇದೆಯೇ ಎಂದು ಒಂದು ಗಳಿಗೆ ನೋಡಿದೆ. ಹುಟ್ಟುಗುಣ ಬಣ್ಣದಷ್ಟು ಬೇಗ ಒಣಗುವುದಿಲ್ಲ. ನಿಚ್ಚಣಿಕೆ ಬಾಗಿಲಿಗೆ ಆತುಕೊಂಡಿದೆ, ಒಳಗೆ ಹೊರಗೆ ಹೋಗುವವರೆಲ್ಲ ಅದರ ಕೆಳಗೆ ಬಗ್ಗಿ ಹೋಗುತ್ತಿದ್ದಾರೆ. ನಾನು ಎಲ್ಲರಿಗಿಂತ ಹೆಚ್ಚು ಬಗ್ಗುತ್ತಿದ್ದೇನೆ, ಎತ್ತರ ಕಾರಣ ಎಂದು ಹೇಳಿಕೊಂಡಿದ್ದೇನೆ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿಲಿನಲ್ಲಿ ತಲೆಗೆ ಅರಿವೆ ಕಟ್ಟದೆ ನಿಲ್ಲಬೇಡ. ಪುಟ್ಟಿ ಬಿದ್ದ ಹಲ್ಲನ್ನು ನಿನಗೆ ತೋರಿಸಲು ಕಾಗದದಲ್ಲಿ ಕಟ್ಟಿಟ್ಟಿದ್ದಾಳೆ. ಸುನೀತಾ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಡಬ್ಬಿಯಲ್ಲಿ ಅಗಸಿ ಚಟ್ನಿಯೂ ಇದೆ. ಮಾಡಿದವಳು ಯಾರೆಂದು ತಿಂದ ಕೂಡಲೇ ತಿಳಿಯುತ್ತದೆ. ನಿನಗೆ ದೇವರು ಗಟ್ಟಿ ಆಯುಷ್ಯ ಕೊಡಲಿ, ಅಣ್ಣನನ್ನು ಸಹಿಸುವ ತಾಳ್ಮೆಯನ್ನೂ ಅದರ ಜೊತೆಗೇ ಕೊಡಲಿ.

ನಿನ್ನ ಅಣ್ಣ,
ಮೈಲಾರಪ್ಪ

ತಾ.ಕ.: ಟಪಾಲಿನವನು ಕಟ್ಟೆಯ ಮೇಲೆ ಕೂತು ಅವಸರ ಮಾಡುತ್ತಿದ್ದಾನೆ, ಚುಟುಕಾಗಿ ಬರೆಯುತ್ತೇನೆ. ಶ್ರಾವಣದಲ್ಲಿ ನೀನು ತಿರುಗಿ ಹೋದ ವಾರವೇ, ಮನೆಯನ್ನು ಪಾಲು ಮಾಡಿ ಎರಡು ನಂಬರ್ ಮಾಡಿಕೊಡಿರೆಂದು ಪಂಚಾಯತಿಗೆ ಅರ್ಜಿ ಕೊಟ್ಟವನು ನಾನು. ಮೀಟರಿನ ಮಾತಿನ ಸಿಟ್ಟಿನಲ್ಲಿ, ನೀನು ಕೇಳುವ ಮೊದಲು ನಾನೇ ಮಾಡಿಬಿಡಬೇಕೆಂದು. ಅರ್ಜಿಯ ರಸೀದಿ ಅಂಗಿಯ ಕಿಸೆಯಲ್ಲಿ ಉಳಿದಿತ್ತು. ಸುಧಾರಾಣಿ ಅರಿವೆ ಒಗೆಯುವಾಗ ಅದು ಅವಳ ಕೈಗೆ ಸಿಕ್ಕಿದೆ. ಒಣಗಿಸಿ, ಮಡಿಚಿ, ನನ್ನ ಚಸ್ಮಾದ ಕೆಳಗೆ ಇಟ್ಟಿದ್ದಳು. ಎರಡು ತಿಂಗಳಾಯಿತು, ನನಗೆ ಏನೂ ಅಂದಿಲ್ಲ, ಸುನೀತಾಗೆ ಹೇಳಿಲ್ಲ, ನಿನಗೂ ಹೇಳಿಲ್ಲ ಎಂದು ನಿನ್ನ ಫೋನಿನ ದನಿಯಿಂದ ನನಗೆ ಗೊತ್ತು. ನಾನು ಅರ್ಧ ಗೋಡೆ ಬಿಟ್ಟಾಗ ಅವಳು ಏನು ತಿಳಿದಿರಬೇಕು ನೋಡು. ಇವತ್ತು ಬೆಳಿಗ್ಗೆ ಅರ್ಜಿ ಹಿಂದಕ್ಕೆ ತರಲು ಹೋಗಿದ್ದೆ. ಕೊಡುವಾಗ ಒಬ್ಬನ ಸಹಿ ಸಾಕಿತ್ತು, ತೆಗೆದುಕೊಳ್ಳಲು ಮನೆ ಯಾರ ಯಾರ ಹೆಸರಿನಲ್ಲಿದೆಯೋ ಅವರೆಲ್ಲರ ಸಹಿ ಬೇಕಂತೆ. ಅರ್ಜಿ ಹಿಂದಕ್ಕೆ ಕೇಳುವ ಕಾಗದ ಈ ಲಕೋಟೆಯೊಳಗಿದೆ. ನನ್ನ ಸಹಿ ಆಗಿದೆ, ಅದರ ಕೆಳಗಿನ ಜಾಗ ನಿನ್ನದು. ಹಾಕಿದರೆ ರಿಜಿಸ್ಟರ್ ಟಪಾಲಿನಲ್ಲಿ ಕಳಿಸು, ಹಾಕದಿದ್ದರೆ ಯಾಕೆಂದು ನಾನು ಕೇಳುವುದಿಲ್ಲ. ಆದರೆ ಯಾವುದಕ್ಕೂ ಮೊದಲು ಸುಧಾರಾಣಿಯನ್ನು ಒಂದು ಮಾತು ಕೇಳು. ನಾನು ಯಾರನ್ನೂ ಕೇಳದೆ ಸಹಿ ಹಾಕಿದ್ದೆ.